ಬಸ್ ಚಾರ್ಜ್ ಇಲ್ಲದ ಅಂಗಡಿ

ಲೈಬ್ರರಿ ಕಾಕಾರ ಬಲಗೈ ಹೆಬ್ಬೆರಳನ್ನು ಯಾವ ಯಂತ್ರವೂ ಒಪ್ಪುತ್ತಿರಲಿಲ್ಲ. ಆಧಾರ್ ಕೇಂದ್ರದಲ್ಲಿ, ಸಿಮ್ ಕಾರ್ಡಿನ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಎಲ್ಲಿ ಒತ್ತಿದರೂ ಕೆಂಪು ದೀಪ. ಆ ಬೆರಳಿನ ತುದಿ ಮೇಣ ಸವರಿದ ಹಾಗೆ ನುಣುಪಾಗಿತ್ತು, ರೇಖೆ ಅನ್ನುವುದು ಒಂದೂ ಉಳಿದಿರಲಿಲ್ಲ. ನಲವತ್ತು ವರ್ಷ ಪುಸ್ತಕಗಳ ಅಂಚಿನ ಮೇಲೆ ಜಾರಿಸಿ ಜಾರಿಸಿ ಅದನ್ನು ಸವೆಸಿಕೊಂಡಿದ್ದರು. ಯಂತ್ರದ ಮುಂದೆ ಕೂತವನು ಬೇರೆ ಬೆರಳು ಇಡಿ ಎಂದರೆ ಕಾಕಾರಿಗೆ ಸಿಟ್ಟು ಬರುತ್ತಿತ್ತು. "ಜನ್ಮಾ ಪೂರ್ತಿ ದುಡದಿದ್ದು ಈ ಹೆಬ್ಬಟ್ಟು. ಇದನ್ನ ಬಿಟ್ಟು ಕಿರಿಬಟ್ಟಿಂದು ಗುರ್ತು ತಗೊಂಡು ಏನ್ ಮಾಡ್ತೀರಿ?" ಎಂದು ಅವನನ್ನೇ ಕೇಳುತ್ತಿದ್ದರು.

ಮಿರಜ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಅವರ ಬಾಡಿಗೆ ಪುಸ್ತಕಗಳ ಲೈಬ್ರರಿ ಇತ್ತು. ಒಂದು ಗೋಡೆಗೆ ಮರಾಠಿ, ಎದುರು ಗೋಡೆಗೆ ಕನ್ನಡ, ನಡುವೆ ಕಾಕಾರ ಮರದ ಕುರ್ಚಿ. ಅವರು ಮ್ಹೈಸಾಳದ ಕನ್ನಡ ಜೈನರ ಮನೆಯವರು. ಅಣ್ಣತಮ್ಮಂದಿರೆಲ್ಲ ಕಬ್ಬು ಬೆಳೆದುಕೊಂಡು ಊರಲ್ಲೇ ಸುಖವಾಗಿದ್ದರೆ ಇವರೊಬ್ಬರು ಕಾದಂಬರಿಯ ಹುಚ್ಚು ಹತ್ತಿ ಮಿರಜಕ್ಕೆ ಬಂದು ಕೂತಿದ್ದರು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಪದ್ಧತಿ ಅವರದು, ಹಾಗಾಗಿ ಐದೂವರೆಗೆ ಕದ ಮುಚ್ಚುತ್ತಿತ್ತು. ಆಮೇಲೆ ಯಾರು ಬಂದು ಬಡಿದರೂ, "ಕಥಿ ನಾಳಿಗೂ ಹಂಗ ಇರತೈತಿ, ನನ್ನ ರೊಟ್ಟಿ ಇರಂಗಿಲ್ಲ" ಎಂದು ಒಳಗಿನಿಂದಲೇ ಕೂಗುತ್ತಿದ್ದರು.

ನಮ್ಮಪ್ಪ ಇಂಡಿ ಕಡೆಯಿಂದ ಮಿರಜದ ಮಗ್ಗುಲಿನ ಕುಪವಾಡದ ಫೌಂಡ್ರಿಗೆ ಕೂಲಿಗೆ ಬಂದವನು. ನಾನು ನಾಲ್ಕನೇ ಇಯತ್ತೆಯವರೆಗೆ ಅಜ್ಜಿಯ ಊರಲ್ಲಿ ಕನ್ನಡ ಸಾಲೆ ಕಲಿತು ಆಮೇಲೆ ಕುಪವಾಡಕ್ಕೆ ಬಂದೆ. ನಮ್ಮ ಚಾಳಿನ ಹುಡುಗರೆಲ್ಲ ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರು, ಸಾಲೆಯಲ್ಲಿ ಮರಾಠಿ ಕಲಿಯುತ್ತಿದ್ದರು. ಕನ್ನಡ ಅಕ್ಷರ ಬರುತ್ತಿದ್ದದ್ದು ನನಗೊಬ್ಬಳಿಗೇ. ಆ ಜಂಬ ನನಗೆ ಬಹಳ ಇತ್ತು. ರವಿವಾರ ಅಪ್ಪ ಮಿರಜದ ಬಾಜಾರಕ್ಕೆ ಹೋಗುವಾಗ ನನ್ನನ್ನು ಲೈಬ್ರರಿಯಲ್ಲಿ ಬಿಟ್ಟು ಹೋಗುತ್ತಿದ್ದ.

ಅಲ್ಲಿ ಬಾಡಿಗೆಯನ್ನು ಪುಸ್ತಕ ಒಯ್ಯುವಾಗ ಕೊಡುವ ಹಾಗಿರಲಿಲ್ಲ, ತಿರುಗಿ ತಂದಾಗ ಕೊಡಬೇಕು. ಮುಗಿಸಿದ್ದರೆ ಪೂರ್ತಿ, ನಡುವೆ ಬಿಟ್ಟಿದ್ದರೆ ಅರ್ಧ. ನಾನು ಹನ್ನೆರಡು ವರ್ಷದವಳಿದ್ದಾಗ ದಿಂಬಿನಂಥ ಒಂದು ಹೊಸ ಕಾದಂಬರಿ ಒಯ್ದು, ತಿಳಿಯದೆ ನಡುವೆ ಬಿಟ್ಟು, ಮರ್ಯಾದೆಗೆ ಅಂಜಿ ಮುಗಿಸಿದೆ ಎಂದು ಸುಳ್ಳು ಹೇಳಿ ಪೂರ್ತಿ ಬಾಡಿಗೆ ಮುಂದಿಟ್ಟೆ. ಕಾಕಾ ಪುಸ್ತಕದ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಬೆರಳು ಒಂದು ಕಡೆ ನಿಂತಿತು. ಅಲ್ಲಿಗೆ ತೆರೆದು ನನಗೆ ತೋರಿಸಿದರು.

"ಇಲ್ಲೇ ಬಿಟ್ಟಿ, ಹೌದಿಲ್ಲೋ?"

ನಾನು ಬಿಟ್ಟದ್ದು ಅದರ ಹಿಂದಿನ ಪುಟಕ್ಕೆ. ಇವರಿಗೆ ದೇವರು ಹೇಳಿಕೊಡುತ್ತಾನೆ ಎಂದೇ ನಂಬಿದೆ. ಎಷ್ಟೋ ವರ್ಷದ ಮೇಲೆ ಅವರೇ ಗುಟ್ಟು ಬಿಚ್ಚಿದರು. ತಿರುವಿದ ಹಾಳೆಗಳ ನಡುವೆ ಗಾಳಿ ಸೇರಿ ಅವು ಸಡಿಲಾಗಿರುತ್ತವೆ, ತಿರುವದವು ಬಿಗಿಯಾಗಿರುತ್ತವೆ. ಹಳೆಯ ಪುಸ್ತಕವಾದರೆ ಬೆರಳೂ ಬೇಡ, ಕಣ್ಣೇ ಸಾಕು: ಅಂಚಿನ ಮೇಲೆ ಜನರ ಕೈಮಣ್ಣಿನ ಕಂದು ಬಣ್ಣ ಎಲ್ಲಿ ತಿಳಿಯಾಗುತ್ತದೋ ಅಲ್ಲಿ ಮಂದಿ ಕೈಬಿಟ್ಟಿದ್ದಾರೆ. ಅವತ್ತು ಅವರು ಅರ್ಧ ದುಡ್ಡು ತಿರುಗಿ ಕೊಟ್ಟು, "ಬಿಟ್ಟಿದ್ದು ತಪ್ಪಲ್ಲ ತಂಗಿ. ಅದು ಬರದವಂದು ತಪ್ಪು. ಆದ್ರ ನೀ ಎಲ್ಲಿ ಬಿಟ್ಟಿ ಅನ್ನೂದು ನನಗ ಗೊತ್ತಾಗಬೇಕು, ಅದ ನನ್ನ ಧಂದಾ" ಎಂದರು.

ಬಾಡಿಗೆ ಎಷ್ಟಿರಬೇಕು ಎಂಬುದಕ್ಕೂ ಅವರದೊಂದು ಕಟ್ಟಳೆ ಇತ್ತು. ಸಾಂಗಲಿಯಲ್ಲಿ ಇವರಿಗಿಂತ ದೊಡ್ಡದಾದ, ಇವರಿಗಿಂತ ಅಗ್ಗದ ಇನ್ನೊಂದು ಲೈಬ್ರರಿ ಇತ್ತು. ಹೊಸ ಗಿರಾಕಿಗಳು ಅದನ್ನೇ ಎತ್ತಿ ಆಡುತ್ತಿದ್ದರು. ಕಾಕಾ ನಗುತ್ತ, "ನನ್ನ ರೇಟು ಅಂದ್ರ ಸಾಂಗಲಿ ರೇಟು, ಅದಕ್ಕ ಹೋಗಿ ಬರೂ ಬಸ್ ಚಾರ್ಜ್ ಕೂಡಸೂದು, ಅದರಾಗ ಒಂದು ಕಪ್ ಚಾ ತಗಿಯೂದು. ಆ ಚಾ ನಿಮಗ ಉಳೀತು. ಇನ್ನ ಏನು ಬೇಕ್ರಿ?" ಎನ್ನುತ್ತಿದ್ದರು. ಬಸ್ಸಿನ ದರ ಏರಿದ ದಿನ ಲೈಬ್ರರಿಯ ಹಲಗೆಯ ಮೇಲೂ ದರ ಏರುತ್ತಿತ್ತು. ಸಾಂಗಲಿಯವರು ಇಳಿಸಿದರೆ ಇವರೂ ಅಷ್ಟೇ ಇಳಿಸುತ್ತಿದ್ದರು. ವ್ಯಾಪಾರದ ಕಾಲೇಜಿಗೆ ಹೋದವರನ್ನು ಆಮೇಲೆ ಬೇಕಾದಷ್ಟು ನೋಡಿದೆ. ಎದುರಾಳಿಗೂ ತಮಗೂ ನಡುವಿನ ದೂರವನ್ನು ಇಷ್ಟು ಸರಳವಾಗಿ ಒಂದು ಕಪ್ ಚಹಾದಲ್ಲಿ ಹಿಡಿದವರನ್ನು ನೋಡಲಿಲ್ಲ.

ಮೊಬೈಲು ಬಂತು, ಲೈಬ್ರರಿ ಬಡವಾಯಿತು. ಮೊದಲು ಮರಾಠಿ ಗೋಡೆಗೆ ಬರುವವರು ನಿಂತರು, ಆಮೇಲೆ ಕನ್ನಡ ಗೋಡೆಗೆ. ಒಂದು ದಿನ ಕಾಕಾ ಹಲಗೆ ಇಳಿಸಿ, ಪುಸ್ತಕಗಳನ್ನೆಲ್ಲ ಮನೆಯ ಅಟ್ಟಕ್ಕೆ ಏರಿಸಿದರು. ನಾನು ಆಗ ಕುಪವಾಡದ ಒಂದು ಕಾರ್ಖಾನೆಯಲ್ಲಿ ಔಷಧಿ ಬಾಟಲಿಗಳ ಲೇಬಲ್ಲಿಗೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತಿದ್ದೆ. 'ಊಟದ ನಂತರ', 'ಚೆನ್ನಾಗಿ ಅಲುಗಾಡಿಸಿ', ದಿನವೆಲ್ಲ ಇದೇ ಸಾಹಿತ್ಯ. ಇ-ಪುಸ್ತಕ ಮಾಡುವುದು ಹೇಗೆಂದು ಅಲ್ಲೇ ಕದ್ದುಮುಚ್ಚಿ ಕಲಿತೆ. ಕಾಕಾರ ಅಟ್ಟದಲ್ಲಿ ಅಚ್ಚು ಮುಗಿದುಹೋದ ಎಷ್ಟೋ ಕಾದಂಬರಿಗಳಿದ್ದವು. ಬರೆದವರು ಅಥಣಿ, ಬೆಳಗಾವಿ ಕಡೆ ಇನ್ನೂ ಇದ್ದರು. ಅವರ ಒಪ್ಪಿಗೆ ಪಡೆದು, ನಮ್ಮದೇ ಒಂದು ವೆಬ್‌ಸೈಟ್ ಕಟ್ಟಿ ಮಾರೋಣವೆಂಬ ಹುಚ್ಚು ನನಗೆ ತಲೆ ತುಂಬ ಹತ್ತಿತು. ಅವ್ವ ಆರು ತಿಂಗಳ ವಾಯಿದೆ ಕೊಟ್ಟಳು. ಅಪ್ಪ ಹೋದಮೇಲೆ ಮನೆ ನಡೆಯುತ್ತಿದ್ದದ್ದು ನನ್ನ ಪಗಾರದಿಂದಲೇ. "ಆರು ತಿಂಗಳು ನಾ ಹೆಂಗಾರ ಸಂಭಾಳಸ್ತೇನಿ. ಏಳನೇದ್ದಕ್ಕ ನೀ ಲೇಬಲ್ಲಿಗೆ ಹೋಗಬೇಕು" ಎಂದಳು. ಕಾರ್ಖಾನೆಯ ಸಾಹೇಬರೂ ಅಷ್ಟು ದಿನ ಜಾಗ ಖಾಲಿ ಇಡಲು ಒಪ್ಪಿದರು.

ಕಾಕಾರಿಗೆ ಎಲ್ಲವನ್ನೂ ವಿವರಿಸಿದೆ. ಮೊಬೈಲಿನಲ್ಲಿ ಪುಟ ತೆರೆದು ತೋರಿಸಿದೆ. ಒಬ್ಬ ಓದುಗ ಯಾವ ಪುಟದವರೆಗೆ ಬಂದ ಎಂಬುದು ನಮಗೆ ತಾನಾಗಿ ಕಾಣುತ್ತದೆ ಎಂದಾಗ ಅವರು ತಮ್ಮ ಹೆಬ್ಬೆರಳನ್ನೊಮ್ಮೆ ನೋಡಿಕೊಂಡರು. "ಇದಕ್ಕ ಇನ್ನ ಪೆನ್ಷನ್ ಕೊಡೂಣು ಹಂಗಾರ" ಎಂದರು. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ನನಗೆ ಸಾಯುವವರೆಗೂ ಮರೆಯುವುದಿಲ್ಲ.

"ಇಲ್ಲಿ ಬಸ್ ಚಾರ್ಜ್ ಎಷ್ಟು?"

"ಬಸ್ ಎಲ್ಲಿ ಬಂತ್ರಿ ಕಾಕಾ? ಕುಂತಲ್ಲೇ ತಗೋಬಹುದು."

"ನಮ್ಮಲ್ಲಿಂದೂ ಕುಂತಲ್ಲೇ, ಇನ್ನೊಬ್ಬನ ಕಡಿಂದೂ ಕುಂತಲ್ಲೇ?"

"ಹೌದ್ರಿ."

ಅವರ ಮುಖ ಇಳಿದುಹೋಯಿತು. "ಹಂಗಾದ್ರ ಸಾಂಗಲಿಯವನ ಅಂಗಡಿ, ಪುಣೆಯವನ ಅಂಗಡಿ, ಬೆಂಗಳೂರವನ ಅಂಗಡಿ ಎಲ್ಲಾ ನಮ್ಮ ಕಟ್ಟಿ ಮ್ಯಾಲೇ ಬಂದು ಕುಂತಾವು ಅಂದಂಗಾತು. ಬಾಳ ಕಷ್ಟ ಐತಿ ತಂಗಿ."

ನಾನು ಒಳಗೊಳಗೇ ನಕ್ಕೆ, ಮುದುಕರಿಗೆ ಹೊಸದು ತಿಳಿಯದು ಅಂದುಕೊಂಡೆ. ನಾಲ್ಕೇ ತಿಂಗಳಲ್ಲಿ ಆ ನಗು ಇಳಿಯಿತು.

ಹನ್ನೆರಡು ಕಾದಂಬರಿ ಹಾಕಿದೆವು, ಒಂದೊಂದಕ್ಕೆ ಅರವತ್ತು ರೂಪಾಯಿ. ದೂರದ ಊರಿನ ಒಂದು ದೊಡ್ಡ ಕಂಪನಿ ಅದೇ ಹೊತ್ತಿಗೆ ಕನ್ನಡಕ್ಕೆ ಇಳಿದಿತ್ತು. ಸಾವಿರಗಟ್ಟಲೆ ಕಥೆ ಕಾದಂಬರಿಗಳನ್ನು ನಲವತ್ತೊಂಬತ್ತಕ್ಕೆ ಇಟ್ಟರು, ಆಮೇಲೆ ಹತ್ತೊಂಬತ್ತಕ್ಕೆ, ಆಮೇಲೆ ಒಂಬತ್ತಕ್ಕೆ. ಅವರ ಹತ್ತಿರ ನಷ್ಟವನ್ನು ವರ್ಷಗಟ್ಟಲೆ ತಡೆಯುವ ದುಡ್ಡು ಇತ್ತು. ನನ್ನ ಹತ್ತಿರ ಅವ್ವ ಕೊಟ್ಟ ವಾಯಿದೆ ಇತ್ತು. ಕಾಕಾ ದರ ಮುಟ್ಟಬೇಡ ಎಂದಿದ್ದರು. ನಾನು ಅವರಿಗೆ ಹೇಳದೆ ಇಪ್ಪತ್ತಕ್ಕೆ ಇಳಿಸಿದೆ, ಆಮೇಲೆ ಒಂಬತ್ತಕ್ಕೆ. ಆದರೂ ಯಾರೂ ಬರದಿದ್ದಾಗ ಹಲ್ಲು ಕಚ್ಚಿ ಒಂದು ವಾರ ಪುಕ್ಕಟೆ ಮಾಡಿದೆ. ಆಗ ನೋಡಿ, ಜನ ಮುಗಿಬಿದ್ದರು. ಸಾವಿರಾರು ಮಂದಿ ಪುಸ್ತಕ ಇಳಿಸಿಕೊಂಡರು. ನಾನು ಕುಣಿಯುತ್ತ ಮಿರಜಕ್ಕೆ ಹೋಗಿ ಕಾಕಾರ ಮುಂದೆ ಮೊಬೈಲು ಹಿಡಿದೆ.

ಅವರು ಸಿಟ್ಟಾಗಲಿಲ್ಲ. ಕನ್ನಡಕ ಹಾಕಿಕೊಂಡು, "ಎಲ್ಲಿ ಬಿಟ್ಟಾರ ತೋರಸು" ಎಂದರು. ತೋರಿಸಿದೆ. ಹೆಚ್ಚಿನವರು ಪುಸ್ತಕ ತೆರೆದೇ ಇರಲಿಲ್ಲ. ತೆರೆದವರು ಮೂರನೇ ಪುಟ ದಾಟಿರಲಿಲ್ಲ.

"ಇವರು ಯಾರೂ ನಮ್ಮ ಗಿರಾಕಿ ಅಲ್ಲ ತಂಗಿ. ಮಳಿ ಬಂತಂತ ಅಂಗಡಿಯೊಳಗ ನಿಂತು ಹೋದವರು." ಕನ್ನಡಕ ತೆಗೆದಿಟ್ಟು ಕೇಳಿದರು, "ಆ ಕಂಪನಿಯವರಿಗೆ ನಾವು ಅದೀವಿ ಅಂತಾದ್ರೂ ಗೊತ್ತೈತೇನು?"

"ಇಲ್ರಿ. ಅವರು ಎಲ್ಲಾ ಕಡೆನೂ ಹಿಂಗ ಇಳಸ್ತಾರ."

"ನಿನ್ನ ಹೆಸರ ಗೊತ್ತಿಲ್ಲದವರ ಜೋಡಿ ಜಗಳಾ ಆಡೀದಿ ನೀ."

ಅದಕ್ಕಿಂತ ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ಕುಪವಾಡಕ್ಕೆ ಮರಳುವಾಗ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಐದನೇ ತಿಂಗಳು ಆಗಲೇ ಶುರುವಾಗಿತ್ತು. ಒಂದು ವಾರ ಬಿಟ್ಟು, ಇದು ನನ್ನ ಕೈಯಲ್ಲಿ ಆಗುವುದಿಲ್ಲ, ಲೇಬಲ್ ಕೆಲಸಕ್ಕೆ ಹೋಗುತ್ತೇನೆ ಎಂದು ಹೇಳಿಬಿಡಲು ಅವರ ಮನೆಗೆ ಹೋದೆ.

ಮಧ್ಯಾಹ್ನ ಮೂರರ ಹೊತ್ತು. ಕಾಕಾ ಪಡಸಾಲೆಯಲ್ಲಿ ಕೂತು ನಮ್ಮದೇ ಪುಸ್ತಕವೊಂದನ್ನು ಮೊಬೈಲಿನಲ್ಲಿ ಜೋರಾಗಿ ಓದುತ್ತಿದ್ದರು. ಎದುರಿಗೆ ಕಾಕೂ, ಅಂದರೆ ಅವರ ಹೆಂಡತಿ, ಶೇಂಗಾ ಸುಲಿಯುತ್ತ ಕೇಳುತ್ತಿದ್ದರು. ಇದು ಆ ಮನೆಯ ಹಳೆಯ ಪದ್ಧತಿ. ಕಾಕೂ ಸಾಂಗಲಿಯ ಮರಾಠಿ ಸಾಲೆಯಲ್ಲಿ ಕಲಿತವರು. ಆಡುವುದು ಕನ್ನಡ, ಓದುವುದು ಮರಾಠಿ. ನಲವತ್ತು ವರ್ಷ ದಿನವೂ ಲೈಬ್ರರಿಯ ಕನ್ನಡ ಗೋಡೆಯ ಧೂಳು ಒರೆಸಿದವರು ಅದರಲ್ಲಿ ಒಂದು ಪುಸ್ತಕವನ್ನೂ ತಾವಾಗಿ ಓದಿರಲಿಲ್ಲ. ಕಾಕಾ ಓದಿ ಹೇಳಿದ್ದಷ್ಟೇ ಅವರ ಪಾಲಿಗೆ ಬಂದದ್ದು. ನನಗೂ ಅದು ಗೊತ್ತಿತ್ತು. ವಿಚಿತ್ರ ಎಂದು ಒಂದು ದಿನವೂ ಅನ್ನಿಸಿರಲಿಲ್ಲ, ನಮ್ಮ ಕಡೆ ಮನೆಮನೆಯೂ ಹಾಗೆಯೇ.

ಕಾಕಾರಿಗೆ ಆಗಲೇ ಎದೆಯ ಬೇನೆ ಶುರುವಾಗಿತ್ತು. ಕಥೆ ಬಿಗಿ ಹಿಡಿಯುವ ಜಾಗದಲ್ಲಿ ಕೆಮ್ಮು ಹತ್ತಿ, ಓದಲಾಗದೆ ಮೊಬೈಲು ಕೆಳಗಿಟ್ಟರು.

"ಪುಢೇ ಕಾಯ್? ಮುಂದ ಏನಾತ್ರಿ?" ಕಾಕೂ ಶೇಂಗಾ ಬಿಟ್ಟು ಮುಂದೆ ಬಾಗಿದರು. ಕಾಕಾ ಕೈಯಿಂದಲೇ ಆಗುವುದಿಲ್ಲ ಎಂದು ತೋರಿಸಿದರು. ಕಾಕೂ ಮೊಬೈಲು ಎತ್ತಿಕೊಂಡು, ಆ ಅಕ್ಷರಗಳನ್ನು ನೋಡಿ, ಮತ್ತೆ ಕೆಳಗಿಟ್ಟರು. "ಏನ್ ಮಾಡ್ಲಿ, ನನಗ ಈ ಅಕ್ಷರಾ ಬರಂಗಿಲ್ಲಲ್ಲ. ಈಗ ಆ ಹುಡುಗಿ ಬದುಕಿದಳೋ ಸತ್ತಳೋ ಅಂತ ನಾ ನಾಳಿ ತನಕಾ ಕುಂದರಬೇಕು" ಎಂದು ಸಿಡುಕಿದರು. ಸಿಡುಕಿನಲ್ಲೇ ಪಕ್ಕದ ಕಟ್ಟೆಯ ಮೇಲಿದ್ದ ತಮ್ಮ ಭಜನೆಯ ಹಾಡು ಬರೆದ ವಹಿ ಎಳೆದುಕೊಂಡು ಹಾಳೆ ತಿರುವಿದರು.

ಕಾಕಾ ಆ ವಹಿಯನ್ನು ನೋಡುತ್ತ ಕೂತರು. ಆಮೇಲೆ ಕೈ ಚಾಚಿ ಇಸಿದುಕೊಂಡರು.

"ಇದು ಯಾವ ಭಾಷಾ?" ಎಂದು ನನ್ನನ್ನು ಕೇಳಿದರು.

ನೋಡಿದೆ. ಹಾಡುಗಳೆಲ್ಲ ಕನ್ನಡ. ಬರೆದದ್ದು ಮರಾಠಿ ಅಕ್ಷರದಲ್ಲಿ. ಕಾಕೂ ತಮ್ಮ ಕೈಯಾರೆ ಬರೆದುಕೊಂಡಿದ್ದರು. ಅವರ ಭಜನಾ ಮಂಡಳಿಯ ಎಲ್ಲ ಹೆಂಗಸರ ವಹಿಗಳೂ ಹಾಗೆಯೇ ಇದ್ದವು.

"ಕನ್ನಡ್ರಿ."

"ಮತ್ತ ಇಕಿ ಓದತಾಳಲ್ಲ!"

ಕಾಕಾ ಕೆಮ್ಮುತ್ತಲೇ ಎದ್ದು ನಿಂತರು. "ನಲವತ್ತು ವರ್ಷ ಈ ವಹಿ ನನ್ನ ಮನ್ಯಾಗ ಐತಿ. ನಲವತ್ತು ವರ್ಷ ಇಕಿ ನನ್ನ ಲೈಬ್ರರ್ಯಾಗ ಧೂಳಾ ಒರಸ್ಯಾಳ. ಮಂದಿ ಎಲ್ಲಿ ಪುಸ್ತಕ ಬಿಡ್ತಾರಂತ ಎಲ್ಲಾರದೂ ನೋಡೇನಿ. ಇಕಿ ಒಂದನೇ ಪುಟಕ್ಕ ಬಿಟ್ಟಿದ್ದು ಯಾಕಂತ ಕೇಳಲಿಲ್ಲಲ್ಲೋ ನಾ!" ಎಂದು ಹಣೆ ಹಣೆ ಬಡಿದುಕೊಂಡರು. ಕಾಕೂ ಏನೂ ತಿಳಿಯದೆ ಗಾಬರಿಯಾಗಿ ನೀರು ತರಲು ಎದ್ದರು. ಕಾಕಾ ನನ್ನ ಕಡೆ ತಿರುಗಿದರು. ಅಂಥ ಕಣ್ಣು ನಾನು ಆವರೆಗೂ ನೋಡಿರಲಿಲ್ಲ.

"ತಂಗಿ, ಬಸ್ ಸಿಕ್ತು. ಕನ್ನಡ ಮಾತು, ಮರಾಠಿ ಅಕ್ಷರಾ. ಆ ಕಂಪನಿಯವನು ಇಲ್ಲೀತನಕ ಬರಬೇಕಂದ್ರ ಬಸ್ ಹತ್ತಬೇಕು."

ನಾನು ಕೆಲಸ ಬಿಡುವ ಮಾತು ಹೇಳಲು ಬಂದಿದ್ದೆ ಅನ್ನುವುದೇ ಮರೆತುಹೋಯಿತು.

ಅವತ್ತಿನಿಂದ ನನ್ನ ಕಾರ್ಖಾನೆ ಅವರ ಪಡಸಾಲೆ. ಕಂಪ್ಯೂಟರು ಒಂದು ಗುಂಡಿ ಒತ್ತಿದರೆ ಅಕ್ಷರ ಬದಲಿಸಿ ಕೊಡುತ್ತದೆ ನಿಜ, ಆದರೆ ಅದು ಕೊಟ್ಟದ್ದನ್ನು ಮನುಷ್ಯರು ಓದುವ ಹಾಗಿರಲಿಲ್ಲ. ಕಾಕೂ ಜೋರಾಗಿ ಓದುವುದು, ಅವರು ಎಡವಿದಲ್ಲಿ ನಾನು ತಿದ್ದುವುದು, ಹೀಗೆ ಸಾಲು ಸಾಲು ಸಾಗಿತು. ಮೊದಲನೆಯ ಪುಸ್ತಕಕ್ಕೆ ಹದಿನೈದು ದಿನ ಹಿಡಿಯಿತು. ಅದರ ಕೊನೆಯ ಪುಟವನ್ನು ಓದಿ ಮುಗಿಸಿದ ಕಾಕೂ ಸೆರಗಿನಿಂದ ಮೊಬೈಲಿನ ಗಾಜು ಒರೆಸಿ, ಹಣೆಗೆ ಒತ್ತಿಕೊಂಡರು. ಅರವತ್ತೈದನೆಯ ವಯಸ್ಸಿಗೆ ತಾವಾಗಿ ಓದಿದ ಮೊದಲ ಕನ್ನಡ ಕಾದಂಬರಿ. ಕಾಕಾ ಹಿತ್ತಲಿಗೆ ಎದ್ದು ಹೋದರು. ಬಹಳ ಹೊತ್ತು ಒಳಗೆ ಬರಲಿಲ್ಲ.

ದರದ ಮಾತು ಬಂದಾಗ ಜಗಳವೇ ಆಯಿತು. ನಾನು ಇಪ್ಪತ್ತು ಎಂದೆ. ಅವರು ನೂರಾ ಇಪ್ಪತ್ತು ಎಂದರು.

"ಕಾಕಾ, ಮಂದಿ ಉಗಳತಾರ್ರಿ!"

"ಒಂಬತ್ತು ರೂಪಾಯಿ ಕೊಟ್ಟಾವ ಒಂಬತ್ತು ರೂಪಾಯಿ ಅಷ್ಟ ಓದತಾನ. ಪುಕ್ಕಟ ತಗೊಂಡವರನ್ನ ನೀನ ನೋಡಿದೆಲಾ? ಆದ್ರ ಮದ್ಲ ದುಡ್ಡ ಕೇಳಬ್ಯಾಡ. ನಮ್ಮ ಲೈಬ್ರರ್ಯಾಗ ಮದ್ಲ ಕೇಳತಿದ್ನೇನು?"

ಆಮೇಲೆ ಅವರು ಮಾಡಿದ್ದನ್ನು ನೆನೆದರೆ ನನಗೆ ಇವತ್ತಿಗೂ ರೋಮಾಂಚನವಾಗುತ್ತದೆ. ಬೇರೆ ಎಲ್ಲ ಕಡೆ ಇ-ಪುಸ್ತಕದ ಮೊದಲ ಇಷ್ಟು ಭಾಗ ಪುಕ್ಕಟೆ ಎಂದು ಕಣ್ಣುಮುಚ್ಚಿ ಕತ್ತರಿಸಿ ಇಡುತ್ತಾರೆ. ಕಾಕಾ ಅಟ್ಟದಿಂದ ಆ ಹನ್ನೆರಡೂ ಕಾದಂಬರಿಗಳ ಹಳೆಯ ಪ್ರತಿಗಳನ್ನು ಇಳಿಸಲು ಹೇಳಿದರು. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದರ ಅಂಚನ್ನೂ ನೋಡಿದರು, ಹೆಬ್ಬೆರಳು ಎಳೆದರು. ಕೈಮಣ್ಣು ತಿಳಿಯಾಗುವ ಜಾಗದಲ್ಲಿ ಚೀಟಿ ಇಟ್ಟರು. ಒಂದರಲ್ಲಿ ಮೂವತ್ತೊಂದನೇ ಪುಟ, ಇನ್ನೊಂದರಲ್ಲಿ ಎಪ್ಪತ್ತು. ಒಂದು ದಪ್ಪ ಕಾದಂಬರಿಯಲ್ಲಂತೂ ನೂರರ ಮೇಲೆ. "ಇಲ್ಲೀತನಕಾ ಬಿಡೋರು ಬಿಡ್ತಾರ. ಇದನ್ನ ದಾಟಿದವರು ಕಡೀತನಕಾ ಹೋಗ್ತಾರ, ಮನಿಗೆ ಬೆಂಕಿ ಬಿದ್ರೂ ನಿಂದ್ರಂಗಿಲ್ಲ. ದಾಟಿದ ಮರುಪುಟಕ್ಕ ಬಾಗಲಾ ಇಡು, ಅಲ್ಲೆ ದುಡ್ಡ ಕೇಳು."

ಒಂದೊಂದು ಪುಸ್ತಕಕ್ಕೆ ಒಂದೊಂದು ಕಡೆ ಬಾಗಿಲು. ನಲವತ್ತು ವರ್ಷ ಮಿರಜದ ರೇಲ್ವೆ ಕೂಲಿಗಳು, ನರ್ಸುಗಳು, ಕಿರಾಣಿ ಅಂಗಡಿಯ ಹೆಂಗಸರು ಕೈಮಣ್ಣಿನಲ್ಲಿ ಬಿಟ್ಟುಹೋದ ತೀರ್ಪನ್ನು ಅವರು ಹಾಗೇ ಎತ್ತಿ ನನ್ನ ವೆಬ್‌ಸೈಟಿಗೆ ತಂದಿಟ್ಟರು. ಆ ದೊಡ್ಡ ಕಂಪನಿಯಲ್ಲಿ ಎಷ್ಟು ಜನ ಇಂಜಿನಿಯರುಗಳಿದ್ದರೋ ಗೊತ್ತಿಲ್ಲ. ಇಂಥದ್ದೊಂದು ಅವರ ಯಾರ ಬಳಿಯೂ ಇರಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ.

ಮೊದಲ ಗಿರಾಕಿಗಳು ಕಾಕೂ ಅವರ ಭಜನಾ ಮಂಡಳಿಯ ಹೆಂಗಸರು. ಆಮೇಲೆ ನಮ್ಮ ಕುಪವಾಡದ ಚಾಳಿನವರು. ನಾನು ಜಂಬದಿಂದ ನೋಡುತ್ತಿದ್ದ ಅದೇ ಅಕ್ಷರ ಬಾರದ ಹುಡುಗರು ಈಗ ಗಂಡಸರಾಗಿ ಪಾಳಿ ಮುಗಿಸಿ ಚಹಾದ ಟಪರಿಯಲ್ಲಿ ಕೂತು, ಮರಾಠಿ ಅಕ್ಷರದಲ್ಲಿ ಕನ್ನಡ ಕಾದಂಬರಿ ಓದತೊಡಗಿದರು. ಬಾಗಿಲಿನ ಪುಟಕ್ಕೆ ಬಂದವರು ಶಾಪ ಹಾಕಿದರು, ಶಾಪ ಹಾಕುತ್ತಲೇ ದುಡ್ಡು ಕೊಟ್ಟರು. ಲಿಂಗನೂರಿನ ಒಬ್ಬ ಹೆಂಗಸು ಫೋನ್ ಮಾಡಿ, "ಬಾಯಾರ, ಕಥಿ ನಡುವ ಬಾಗಲಾ ಇಟ್ಟಾವ ಯಾಂವ್ರಿ? ನನ್ನ ಸೊಸಿ ಅನ್ನಾ ಹೊತ್ತಿಸಿದಳು" ಎಂದು ಬೈದರು. ಆ ಮಾತು ಕೇಳಿ ಕಾಕಾ ಎರಡು ದಿನ ನಕ್ಕರು. ಆಮೇಲೆ ಸೊಲ್ಲಾಪುರ, ಇಚಲಕರಂಜಿ, ಮುಂಬಯಿಯ ನಮ್ಮವರಿಂದಲೂ ಕೇಳಿಕೆ ಬಂತು. ಆರನೇ ತಿಂಗಳು ಮುಗಿದ ದಿನ ಅವ್ವ ಲೇಬಲ್ಲಿನ ಸುದ್ದಿ ಎತ್ತಲಿಲ್ಲ. ಕಾರ್ಖಾನೆಯ ಸಾಹೇಬರಿಗೆ ನಾನೇ ಫೋನ್ ಮಾಡಿ, ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಿ ಎಂದೆ.

ಎರಡು ವರ್ಷ ಅಂಗಡಿ ತನ್ನ ಕಾಲ ಮೇಲೆ ನಿಂತಿತು. ಕಾಕಾರ ಎದೆ ಮಾತ್ರ ಸೋಲುತ್ತ ಬಂತು. ಪುಸ್ತಕದ ಧೂಳು ನಲವತ್ತು ವರ್ಷ ಒಳಗೆ ಹೋಗಿದೆ ಎಂದರು ಡಾಕ್ಟರು. ಮಿರಜದ ಆಸ್ಪತ್ರೆಯಲ್ಲಿ ಅವರು ಮಲಗಿದ್ದಾಗಲೇ ನನ್ನ ಮೇಲೆ ಸಿಡಿಲು ಬಿತ್ತು. ಆ ಕಂಪನಿಯವರು ಕನ್ನಡ ಪುಸ್ತಕಗಳನ್ನು ಮರಾಠಿ ಅಕ್ಷರದಲ್ಲಿ ತಂದರು. ಒಂದೊಂದಕ್ಕೆ ಒಂದೇ ರೂಪಾಯಿ. ಸಾಂಗಲಿ, ಸೊಲ್ಲಾಪುರದ ಮೊಬೈಲುಗಳಿಗೆಲ್ಲ ಜಾಹೀರಾತು.

ನಾನು ಉರಿಯುತ್ತ ಆಸ್ಪತ್ರೆಗೆ ಓಡಿದೆ. ಮೂಗಿಗೆ ನಳಿಕೆ ಹಾಕಿಕೊಂಡಿದ್ದ ಮನುಷ್ಯನ ಮುಂದೆ ಇಂಥದ್ದು ಹೇಳಬಾರದಿತ್ತು, ಆದರೆ ನನ್ನ ಸ್ವಭಾವವೇ ಹಾಗೆ, ಬಾಯಿ ತಡೆಯಲಿಲ್ಲ. ಕಳ್ಳರು, ನಮ್ಮದನ್ನು ಎತ್ತಿಕೊಂಡರು, ಇನ್ನು ನಾನು ಮತ್ತೆ ಔಷಧಿ ಬಾಟಲಿಗೇ ಹೋಗಬೇಕು ಎಂದು ಒಂದೇ ಉಸಿರಿಗೆ ಹೇಳಿ ಅತ್ತೆ. ಕಾಕಾ ಕೈ ಎತ್ತಿ ನನ್ನನ್ನು ತಡೆದರು.

"ಒಂದು ತಗೊ."

"ಏನ್ರಿ?"

"ಅವರದೊಂದು ಪುಸ್ತಕ ತಗೊ. ಗಿರಾಕಿ ಆಗಿ ನೋಡು. ಓದು, ಕೇಳತೇನಿ."

ಒಂದು ರೂಪಾಯಿ ಕೊಟ್ಟು ಕೊಂಡೆ. ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಹತ್ತು ಪುಟ ಆದಮೇಲೆ, "ಚಲೋ ಮಾಡ್ಯಾರ" ಎಂದರು. ನನಗೆ ಮೈಯೆಲ್ಲ ಉರಿಯಿತು. ಒಂದು ಸುಳ್ಳನ್ನಾದರೂ ಹೇಳಬಾರದೇ ಈ ಮನುಷ್ಯ ಎನ್ನಿಸಿತು. ಅವರು ನಗುತ್ತಿದ್ದರು. ಉಸಿರಿಗೆ ನಡುನಡುವೆ ನಿಂತು ಹೇಳಿದರು.

"ಅವತ್ತ ಅವರಿಗೆ ನಾವು ಅದೀವಂತ ಗೊತ್ತಿದ್ದಿಲ್ಲ. ಇವತ್ತ ರೇಟ ಇಳಿಸ್ಯಾರ. ಯಾರೂ ಇಲ್ಲದಲ್ಲಿ ಯಾರರ ರೇಟ ಇಳಸ್ತಾರೇನ ತಂಗಿ? ನಿಮ್ಮ ಚಾಳಿನವರು, ನಮ್ಮ ಮನಿಯಾಕಿ, ಆ ಲಿಂಗನೂರಕಿ... ಇವರು ಓದೋ ಮಂದಿ ಅಂತ ಇಷ್ಟ ದಿವಸ ಯಾರು ಎಣಿಸಿದ್ರು? ಕರ್ನಾಟಕದವರು ಎಣಿಸಲಿಲ್ಲ. ಮಹಾರಾಷ್ಟ್ರದವರು ಎಣಿಸಲಿಲ್ಲ. ಈಗ ಇವರ ಸಲುವಾಗಿ ಎರಡು ಅಂಗಡಿ ಬಡದಾಡಾಕ ಹತ್ಯಾವು. ಪೇಢೆ ಹಂಚು ಹೋಗು."

ನಾಲ್ಕು ದಿನ ಬಿಟ್ಟು ಅವರು ಹೋದರು. ಮಧ್ಯಾಹ್ನ, ಕಾಕೂ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದಾಗ. ಓದುವುದನ್ನು ನಿಲ್ಲಿಸಲು ತಿಳಿಯದೆ ಇನ್ನೂ ಎರಡು ಪುಟ ಓದಿದೆ ಎಂದು ಕಾಕೂ ಆಮೇಲೆ ನನಗೆ ಹೇಳಿದರು.

ನಾನು ದರ ಇಳಿಸಲಿಲ್ಲ. ಅರ್ಧಕ್ಕಿಂತ ಹೆಚ್ಚು ಗಿರಾಕಿಗಳು ಕಂಪನಿಯ ಕಡೆ ಹೋದರು, ಅದರಲ್ಲಿ ಕೆಲವರು ತಿರುಗಿ ಬಂದರು, ಕೆಲವರು ಎರಡೂ ಕಡೆ ಓದುತ್ತಾರೆ. ಅಂಗಡಿ ಸಣ್ಣದಾಯಿತು, ಮುಚ್ಚಲಿಲ್ಲ. ಹೊಸ ಪುಸ್ತಕಕ್ಕೆ ಬಾಗಿಲು ಎಲ್ಲಿ ಇಡಬೇಕೆಂದು ತಿಳಿಯದೆ ನಾನು ಎಷ್ಟೋ ಸಲ ತಪ್ಪುತ್ತೇನೆ. ಆಗೆಲ್ಲ ಆ ಮನುಷ್ಯ ಎಂಥವರಿದ್ದರು ಎಂದು ಹೊಸದಾಗಿ ಬೆರಗಾಗುತ್ತದೆ. ನನ್ನ ಅನ್ನ, ನನ್ನ ಧೈರ್ಯ ಎರಡೂ ಅವರು ಕೊಟ್ಟದ್ದು. ಅದನ್ನು ಅವರಿದ್ದಾಗ ಬಾಯಿ ಬಿಟ್ಟು ಹೇಳಲಿಲ್ಲ ಅನ್ನುವ ನೋವು ನನಗಿದೆ.

ಹೋದ ವಾರ ಆ ಕಂಪನಿಯವರು ಒಂದು ರೂಪಾಯಿಯನ್ನೂ ತೆಗೆದುಹಾಕಿದರು. ನಾನು ಅರ್ಧ ಕಿಲೋ ಪೇಢೆ ಕಟ್ಟಿಸಿಕೊಂಡು ಮಿರಜಕ್ಕೆ ಹೋದೆ. ಕಾಕೂ ಬಾಗಿಲಲ್ಲೇ, "ಏನ ಸುದ್ದಿ?" ಎಂದರು.

"ಮತ್ತ ಇಳಿಸ್ಯಾರ್ರಿ ಕಾಕೂ."

"ಎಷ್ಟಕ್ಕ?"

"ಪುಕ್ಕಟ ಮಾಡ್ಯಾರ."

ಕಾಕೂ ಡಬ್ಬಿ ಇಸಿದುಕೊಂಡು ಒಂದು ಪೇಢೆ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ತಿಂದು ಮುಗಿಸಿದರು.

"ಬಾಳ ಹೆದರ್ಯಾರ ನೋಡ ನಮಗ" ಎಂದು ಇನ್ನೊಂದಕ್ಕೆ ಕೈ ಹಾಕಿದರು.